ಮಂದ್ರಸ್ವರದ ಸೇವೆ

(ಶತಮಾನೋತ್ಸವದ ಸಿದ್ಧತೆಯ ಅಂಗವಾಗಿ ಗಾನವೃಂದದ ಸದಸ್ಯರಿಗೂ ಅವರ ತಂದೆತಾಯಂದಿರಿಗೂ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ದೇವಾಲಯದ ಶತಮಾನೋತ್ಸವದ ಸಿದ್ಧತೆಗಳು ಭರದಿಂದ ಸಾಗಿವೆ. ಗೋಡೆಗಳಿಗೆ ಸುಣ್ಣಬಣ್ಣವಾಗುತ್ತಿದೆ, ಚಪ್ಪರದ ಅಳತೆ ಮುಗಿದಿದೆ, ಪ್ರೀತಿಭೋಜನಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ ಎಂಬ ಲೆಕ್ಕವನ್ನು ನಮ್ಮ ತಾಯಂದಿರು ಈಗಾಗಲೇ ಬರೆದಿಟ್ಟಿದ್ದಾರೆ. ಇವೆಲ್ಲದರ ನಡುವೆ ಪಾಲನಾ ಸಮಿತಿಯ ಮುಂದೆ ಒಂದು ಪ್ರಶ್ನೆ ಬಂದಿತು. ಪೂಜ್ಯ ಧರ್ಮಾಧ್ಯಕ್ಷರು ಅರ್ಪಿಸಲಿರುವ ಮಹೋತ್ಸವದ ದಿವ್ಯ ಬಲಿಪೂಜೆಗೆ ನಗರದಿಂದ ವಾದ್ಯಗೋಷ್ಠಿಯೊಂದನ್ನು ಹಣ ಕೊಟ್ಟು ಕರೆಸಬೇಕೇ, ಅಥವಾ ನಮ್ಮ ಮಕ್ಕಳೇ ಹಾಡಿ ನುಡಿಸಬೇಕೇ ಎಂಬುದು ಆ ಪ್ರಶ್ನೆ. ಕರೆಸುವುದೇ ಲೇಸೆಂದವರು ಕೆಟ್ಟ ಮನಸ್ಸಿನಿಂದ ಹಾಗೆ ಹೇಳಲಿಲ್ಲ. "ಮಕ್ಕಳು ಒಂದು ಭಾನುವಾರ ಬಹಳ ಚೆನ್ನಾಗಿ ನುಡಿಸುತ್ತಾರೆ, ಮರು ಭಾನುವಾರ ದಾರಿ ತಪ್ಪುತ್ತಾರೆ, ಅದರಲ್ಲಿಯೂ ಆ ಬೇಸ್ ಗಿಟಾರು ತಪ್ಪಿತೆಂದರೆ ಜನರೆಲ್ಲರ ಹಾಡೇ ತಪ್ಪುತ್ತದೆ" ಎಂಬುದು ಅವರ ಅಳಲು. ಇನ್ನು ಕೆಲವರು, ಕೀಬೋರ್ಡು ಯಂತ್ರದೊಳಗೆ ತಾನಾಗಿಯೇ ನುಡಿಯುವ ಮಂದ್ರಸ್ವರವೂ ತಾಳವೂ ಇರುವಾಗ ಹುಡುಗನೊಬ್ಬನು ಅದಕ್ಕಾಗಿ ಏಕೆ ಶ್ರಮಿಸಬೇಕು ಎಂದು ಕೇಳಿದರು.

ನಮ್ಮ ಮಕ್ಕಳೇ ನುಡಿಸಲಿ ಎಂದು ಸಮಿತಿ ತೀರ್ಮಾನಿಸಿದೆ. ಆದರೆ ಆ ಅಳಲು ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡಬೇಕಾದ ಹೊಣೆ ಈಗ ನಮ್ಮೆಲ್ಲರ ಮೇಲಿದೆ. ಆದುದರಿಂದ ಈ ಸಂಜೆ ನಾವು ಸಂಗೀತದ ಮಹಿಮೆಯನ್ನು ಕುರಿತು ದೀರ್ಘವಾಗಿ ಮಾತನಾಡದೆ, ಒಂದೇ ಒಂದು ಚಿಕ್ಕ ವಿಷಯವನ್ನು ಹಿಡಿದುಕೊಳ್ಳುತ್ತೇವೆ: ನಾಲ್ಕು ತಂತಿಗಳ ಆ ವಾದ್ಯದ ಪಂಕ್ತಿಯನ್ನು ಪ್ರತಿಸಲವೂ ಒಂದೇ ರೀತಿಯಲ್ಲಿ ನುಡಿಸುವಷ್ಟು ಅಭ್ಯಾಸ ಮಾಡುವುದು ಹೇಗೆ, ಹಾಗೆ ಏಕೆ ಮಾಡಬೇಕು ಎಂಬುದೇ ಆ ವಿಷಯ.

ಮೊದಲಿಗೆ ಈ ವಾದ್ಯದ ಪರಿಚಯವನ್ನು ಹಿರಿಯರಿಗಾಗಿ ಹೇಳುತ್ತೇವೆ. ಸಾಮಾನ್ಯ ಗಿಟಾರಿಗೆ ಆರು ತಂತಿಗಳಿದ್ದರೆ ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿಗಳು. ಅವುಗಳನ್ನು ಕೆಳಗಿನಿಂದ ಇ, ಎ, ಡಿ, ಜಿ ಎಂದು ಕರೆಯುತ್ತಾರೆ. ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಇವು ಒಂದು ಸಪ್ತಕದಷ್ಟು ಕೆಳಗೆ ನುಡಿಯುತ್ತವೆ. ಅತ್ಯಂತ ದಪ್ಪನೆಯ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಅಷ್ಟು ಮಂದ್ರವಾಗಿ ನುಡಿಯಬೇಕಾದುದರಿಂದ ತಂತಿಯೂ ಉದ್ದವಾಗಿರಬೇಕು. ಸಾಧಾರಣವಾಗಿ ಅದು 34 ಅಂಗುಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬವರು 1951ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯಿಂದ ಈ ವಾದ್ಯ ಜಗತ್ತಿನಲ್ಲೆಲ್ಲ ಹರಡಿತು. ಅದಕ್ಕೆ ಅವರಿಟ್ಟ ಹೆಸರು 'ಪ್ರಿಸಿಷನ್ ಬೇಸ್', ಎಂದರೆ ನಿಖರವಾದ ಬೇಸ್. ಹಳೆಯ ದೊಡ್ಡ ಡಬಲ್ ಬೇಸ್ ವಾದ್ಯದ ಕೊರಳಿನ ಮೇಲೆ ಪಟ್ಟಿಗಳಿರಲಿಲ್ಲ. ಸ್ವರದ ಸ್ಥಾನವನ್ನು ಕಿವಿಯಿಂದಲೇ ಹುಡುಕಬೇಕಾಗಿತ್ತು. ಹೊಸ ವಾದ್ಯದಲ್ಲಿ ಲೋಹದ ಪಟ್ಟಿಗಳಿದ್ದುದರಿಂದ ಸ್ವರ ನಿಖರವಾಯಿತು. ಆದರೆ ಮಕ್ಕಳೇ, ಪಟ್ಟಿಗಳು ಸ್ವರವನ್ನಷ್ಟೇ ನಿಖರಗೊಳಿಸುತ್ತವೆ. ಕಾಲವನ್ನು ನಿಖರಗೊಳಿಸುವ ಪಟ್ಟಿಯನ್ನು ಯಾರೂ ಕಂಡುಹಿಡಿದಿಲ್ಲ. ಅದು ನಿಮ್ಮ ಬೆರಳಿನಲ್ಲಿಯೇ ಮೂಡಬೇಕು.

ಇದು ಪರದೇಶದ ವಾದ್ಯ, ಇದಕ್ಕೂ ನಮ್ಮ ನೆಲಕ್ಕೂ ಏನು ಸಂಬಂಧ ಎಂದು ಕೇಳುವವರುಂಟು. ವಾದ್ಯ ಹೊಸದಾದರೂ ಅದು ಮಾಡುವ ಕೆಲಸ ನಮಗೆ ಹೊಸತಲ್ಲ. ತಬಲಾ ಜೋಡಿಯಲ್ಲಿ ಬಲಗೈಯ ತಬಲಾ ಚಮತ್ಕಾರ ತೋರಿಸಿದರೆ, ಎಡಗೈಯ ಡಗ್ಗಾ ಅದಕ್ಕೆ ತೂಕ ಕೊಡುತ್ತದೆ. ಘಟಪ್ರಭಾ ನಿಲ್ದಾಣದಿಂದ ರೈಲು ಹತ್ತಿದರೆ ಸಿಗುವ ಮಿರಜ ಪಟ್ಟಣವು ತಂಬೂರಿಗಳ ತಯಾರಿಕೆಗೆ ದೇಶಕ್ಕೆಲ್ಲ ಹೆಸರಾದುದು. ಆ ತಂಬೂರಿಯ ನಾಲ್ಕು ತಂತಿಗಳಲ್ಲಿ ಕೊನೆಯದು ಖರ್ಜದ ತಂತಿ, ಎಂದರೆ ಮಂದ್ರ ಷಡ್ಜ. ಅದು ಸಡಿಲಗೊಂಡರೆ ಗಾಯಕನು ಎಷ್ಟೇ ಘನವಂತನಾಗಿದ್ದರೂ ಹಾಡಲಾರನು. ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರೂ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರೂ ಬೆಳಗಿಸಿದ ಹಿಂದುಸ್ತಾನಿ ಸಂಗೀತದಲ್ಲಿ ಖರ್ಜಸಾಧನೆ ಎಂಬ ಅಭ್ಯಾಸ ಕ್ರಮವೇ ಇದೆ. ಬೆಳಗಿನ ಜಾವ, ಬೇರೆ ಯಾವ ರಾಗದ ಸೊಗಸಿಗೂ ಕೈಹಾಕದೆ, ಕೆಳಗಿನ ಷಡ್ಜವೊಂದನ್ನೇ ಹಿಡಿದು ಉಸಿರು ಮುಗಿಯುವವರೆಗೆ ನಿಲ್ಲಿಸುವುದು. ಮತ್ತೆ ಉಸಿರೆಳೆದು ಅದನ್ನೇ ನಿಲ್ಲಿಸುವುದು. ಕೇಳುವವರಿಗೆ ಅದರಲ್ಲಿ ರಂಜನೆಯಿಲ್ಲ. ಆದರೆ ಮೇಲಿನ ಸಪ್ತಕದ ಮಿಂಚೆಲ್ಲ ನಿಲ್ಲುವುದು ಆ ಬುನಾದಿಯ ಮೇಲೆ.

ಗೋಕಾಕ ಸೀಮೆಯ ಇನ್ನೊಂದು ದೊಡ್ಡ ಆಸ್ತಿ ಶ್ರೀಕೃಷ್ಣ ಪಾರಿಜಾತ. ಕುಲಗೋಡ ತಮ್ಮಣ್ಣನವರ ಹೆಸರಿನೊಡನೆ ಬೆಸೆದುಕೊಂಡಿರುವ, ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯನ್ನು ಕಂಡ ಆ ಆಟವನ್ನು ಇಲ್ಲಿಯ ಹಿರಿಯರು ರಾತ್ರಿಯೆಲ್ಲ ಕುಳಿತು ನೋಡಿದವರು. ಪಾತ್ರಧಾರಿಗಳು ಮುಂದೆ ಕುಣಿದು ಹಾಡುವಾಗ ಹಿಂದೆ ನಿಂತ ಮೇಳದವರನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ಆದರೆ ಪಲ್ಲವಿಯನ್ನು ಮೇಳದವರು ಸರಿಯಾದ ಗಳಿಗೆಗೆ ಎತ್ತಿಕೊಳ್ಳದಿದ್ದರೆ ಆಟವೇ ಕೆಡುತ್ತದೆ. ರಾತ್ರಿಯ ಮೊದಲ ಜಾವದಲ್ಲಿ ಎತ್ತಿಕೊಂಡ ಹಾಗೆಯೇ ಬೆಳಗಿನ ಜಾವದಲ್ಲಿಯೂ ಎತ್ತಿಕೊಳ್ಳಬೇಕು. ನಮ್ಮ ಬೇಸ್ ವಾದಕನ ಸ್ಥಾನವೂ ಅದೇ.

ಈಗ ಧರ್ಮಸಭೆಯ ನಿಲುವನ್ನು ಗಮನಿಸೋಣ. 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಾಳ ಹಬ್ಬದ ದಿನ, ಜಗದ್ಗುರು ಹತ್ತನೆಯ ಪಿಯೂಸರು ಪವಿತ್ರ ಸಂಗೀತವನ್ನು ಕುರಿತು ಹೊರಡಿಸಿದ ಆಜ್ಞೆಯಲ್ಲಿ ಪಿಯಾನೋ, ನಗಾರಿ, ಕಂಚಿನ ತಾಳ ಮುಂತಾದ ಗದ್ದಲದ ವಾದ್ಯಗಳನ್ನು ದೇವಾಲಯದೊಳಗೆ ನಿಷೇಧಿಸಿದ್ದರು. ಆ ಕಾಲದಲ್ಲಿ ದೇವಾಲಯಗಳಿಗೆ ನಾಟಕಶಾಲೆಯ ಸಂಗೀತ ನುಗ್ಗುತ್ತಿದ್ದುದೇ ಇದರ ಕಾರಣ. ಅನಂತರ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನದಲ್ಲಿ ಪೈಪ್ ಆರ್ಗನ್ ವಾದ್ಯಕ್ಕೆ ಗೌರವದ ಸ್ಥಾನವನ್ನು ಉಳಿಸಿ, ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಆದರೆ ನಿಬಂಧನೆಗಳುಂಟು: ಅವು ಪವಿತ್ರ ಬಳಕೆಗೆ ಯೋಗ್ಯವಾಗಿರಬೇಕು, ದೇವಾಲಯದ ಘನತೆಗೆ ಒಪ್ಪಬೇಕು, ಭಕ್ತರ ಆತ್ಮಿಕ ವೃದ್ಧಿಗೆ ನಿಜವಾಗಿ ನೆರವಾಗಬೇಕು. 1967ರ ಮಾರ್ಚ್ 5ರ ಸೂಚನಾಪತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಾದಕರು ತಮ್ಮ ವಾದ್ಯದಲ್ಲಿ ನುರಿತಿರಬೇಕು, ಅದರೊಡನೆ ಆರಾಧನೆಯ ಅಂತರಂಗವನ್ನೂ ಅರಿತಿರಬೇಕು ಎಂದು ವಿಧಿಸಿತು. ಇವೆರಡೂ ಬೇಕು. ಭಕ್ತಿಯಿದ್ದರೆ ಸಾಕು, ಬೆರಳು ಹೇಗಾದರೂ ಓಡಲಿ ಎಂದು ಧರ್ಮಸಭೆ ಎಂದೂ ಹೇಳಿಲ್ಲ. ಹಳೆಯ ಒಡಂಬಡಿಕೆಯಲ್ಲಿ ದಾವೀದ ಅರಸನು ದೇವರ ಮಂದಿರದ ಗಾನಸೇವೆಗೆ ಜನರನ್ನು ನೇಮಿಸಿದಾಗ, ತರಬೇತಿ ಹೊಂದಿ ನಿಪುಣರಾದವರ ಸಂಖ್ಯೆ 288 ಎಂದು ಪೂರ್ವಕಾಲದ ವೃತ್ತಾಂತದ ಮೊದಲನೆಯ ಗ್ರಂಥ ಲೆಕ್ಕವಿಟ್ಟಿದೆ. ಆ ಪವಿತ್ರ ಗ್ರಂಥ ಲೆಕ್ಕ ಹಾಕಿದ್ದು ಉತ್ಸಾಹಿಗಳನ್ನಲ್ಲ, ನಿಪುಣರನ್ನು ಎಂಬುದು ಗಮನಾರ್ಹ.

ಆರ್ಗನ್ ವಾದ್ಯದಲ್ಲಿ ಕೈಗಳು ಮೇಲಿನ ಸ್ವರಗಳನ್ನು ನುಡಿಸಿದರೆ ಮಂದ್ರಸ್ವರಗಳನ್ನು ಪಾದಗಳು ಕಾಲುಮಣೆಯ ಮೇಲೆ ನುಡಿಸುತ್ತವೆ. ಜರ್ಮನಿಯ ದೇವಾಲಯಗಳಲ್ಲಿ ಆರ್ಗನ್ ವಾದಕರಾಗಿದ್ದ ಯೋಹಾನ್ ಪಾಖೆಲ್ಬೆಲ್‌ರ ಹೆಸರಾಂತ 'ಕ್ಯಾನನ್' ಕೃತಿಯನ್ನು ನಿಮ್ಮಲ್ಲಿ ಹಲವರು ಮದುವೆಗಳಲ್ಲಿ ಕೇಳಿದ್ದೀರಿ. ಅದರಲ್ಲಿ ಮಂದ್ರವಾದ್ಯಕ್ಕೆ ಇರುವುದು ಎಂಟೇ ಸ್ವರಗಳು. ಆ ಎಂಟು ಸ್ವರಗಳನ್ನು ಅದು 28 ಸಲ ಮರುನುಡಿಸುತ್ತದೆ. ಮೇಲೆ ಮೂರು ಪಿಟೀಲುಗಳು ಹಕ್ಕಿಗಳಂತೆ ಹಾರಾಡುತ್ತಿರುವಾಗ ಕೆಳಗೆ ಅದು ಮೊದಲ ಸಲ ನಡೆದಂತೆಯೇ ಇಪ್ಪತ್ತೆಂಟನೆಯ ಸಲವೂ ನಡೆಯುತ್ತದೆ. ಅದು ಅತ್ತಿತ್ತ ಓಲಾಡಿದರೆ ಪಿಟೀಲುಗಳ ಹಾರಾಟವೆಲ್ಲ ಗೊಂದಲವಾಗುತ್ತದೆ.

ಮಂದ್ರಸ್ವರ ತಪ್ಪಿದರೆ ಇಡೀ ಸಭೆ ತಪ್ಪುವುದೇಕೆ? ಇದು ಹಿರಿಯರ ಬರಿಯ ಊಹೆಯಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದು ಮೇಲಿನ ಸ್ವರವನ್ನೂ ಒಂದು ಕೆಳಗಿನ ಸ್ವರವನ್ನೂ ಒಟ್ಟಿಗೆ ಕೇಳಿಸಿ, ನಡುನಡುವೆ ಎರಡರಲ್ಲೊಂದನ್ನು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಬೇಗನೆ ನುಡಿಸಿದರು. ಮೇಲಿನ ಸ್ವರದ ಆತುರಕ್ಕಿಂತ ಕೆಳಗಿನ ಸ್ವರದ ಆತುರಕ್ಕೆ ಕೇಳುವವರ ಮಿದುಳು ಹೆಚ್ಚು ಬಲವಾಗಿ ಸ್ಪಂದಿಸಿತು. ಬೆರಳಿನಿಂದ ತಾಳ ಹಾಕಲು ಹೇಳಿದಾಗಲೂ ಅವರ ಬೆರಳು ಕೆಳಗಿನ ಸ್ವರವನ್ನೇ ಹೆಚ್ಚಾಗಿ ಅನುಸರಿಸಿತು. ಎಂದರೆ, ಬೇಸ್ ವಾದಕನು ಆತುರಪಟ್ಟರೆ ಪೀಠದ ಮುಂದಿನ ಮಗುವಿನಿಂದ ಹಿಂದಿನ ಬಾಗಿಲ ಬಳಿಯ ಅಜ್ಜಿಯವರೆಗೆ ಎಲ್ಲರೂ ತಮಗೆ ತಿಳಿಯದಂತೆಯೇ ಆತುರಪಡುತ್ತಾರೆ. ಗಿಟಾರಿನ ಹುಡುಗನ ತಪ್ಪು ಅವನೊಬ್ಬನ ತಪ್ಪಾಗಿ ಉಳಿಯಬಹುದು. ಬೇಸ್ ವಾದಕನ ತಪ್ಪು ಎಲ್ಲರ ತಪ್ಪಾಗುತ್ತದೆ.

ಹಾಗಾದರೆ ಆ ಕೆಲಸವನ್ನು ಯಂತ್ರಕ್ಕೇ ಬಿಟ್ಟುಬಿಡೋಣವೇ? ಯಂತ್ರ ತಪ್ಪುವುದಿಲ್ಲ, ನಿಜ. ಆದರೆ ಅದು ಕಾಯುವುದೂ ಇಲ್ಲ. ಪರಮಪ್ರಸಾದವನ್ನು ಸ್ವೀಕರಿಸುವ ಸಾಲು ಉದ್ದವಾದಾಗ ಇನ್ನೊಂದು ಚರಣಕ್ಕೆ ಹೊರಳಬೇಕು. ವೃದ್ಧರೇ ಹೆಚ್ಚಾಗಿರುವ ಮುಂಜಾನೆಯ ಪೂಜೆಯಲ್ಲಿ ಸಾಲಿನ ಕೊನೆಯಲ್ಲಿ ಉಸಿರಿಗೆ ಎಡೆ ಕೊಡಬೇಕು. ಗುರುಗಳು ಎತ್ತಿಕೊಂಡ ಶ್ರುತಿ ಒಂದು ಸ್ವರ ಕೆಳಗಿದ್ದರೆ ಅಲ್ಲಿಗೇ ಇಳಿಯಬೇಕು. ಜೀವವುಳ್ಳ ಸಭೆಯೊಡನೆ ನಡೆಯಲು ಜೀವವುಳ್ಳ ಕೈಯೇ ಬೇಕು. ಗಟ್ಟಿಯಾಗಿ ಕಲಿತ ಕೈ ಮಾತ್ರವೇ ಹೀಗೆ ಬಾಗಬಲ್ಲದು. ಅರೆಬರೆ ಕಲಿತ ಕೈ ಬಾಗಹೋದರೆ ಮುರಿಯುತ್ತದೆ.

ಇಲ್ಲಿ ಇನ್ನೊಂದು ಗಂಭೀರವಾದ ಮಾತನ್ನು ಹೇಳಬೇಕಾಗಿದೆ. ಮಹೋತ್ಸವದ ಪೂಜೆಗೆ ನಮಗೆ ವಾರಗಟ್ಟಲೆ ಸಮಯವಿದೆ. ಆದರೆ ಅಂತ್ಯಕ್ರಿಯೆಯ ಬಲಿಪೂಜೆಗೆ? ರಾತ್ರಿ ಯಾರೋ ತೀರಿಕೊಳ್ಳುತ್ತಾರೆ. ಮರುದಿನ ಮಧ್ಯಾಹ್ನದೊಳಗೆ ಗಾನವೃಂದ ನಿಂತು ಹಾಡಬೇಕು. ಅಭ್ಯಾಸಕ್ಕೆ ಗಳಿಗೆಯೂ ಇರುವುದಿಲ್ಲ. ಬಂದ ನೆಂಟರಲ್ಲಿ ಅನೇಕರಿಗೆ ನಮ್ಮ ಹಾಡುಗಳೇ ತಿಳಿದಿರುವುದಿಲ್ಲ. ಮನೆಯವರ ಕಂಠ ದುಃಖದಿಂದ ಬಿಗಿದಿರುತ್ತದೆ. ಆ ಹೊತ್ತಿಗೆ ಹಾಡನ್ನು ಹೊತ್ತು ನಡೆಯುವವರು ವಾದಕರೇ. ಮುಂದಿನ ಭಾನುವಾರ ಸರಿಪಡಿಸಿಕೊಳ್ಳುತ್ತೇವೆ ಎಂಬ ಮಾತು ಅಲ್ಲಿ ಸಲ್ಲದು. ಆ ಮನೆಯವರ ಪಾಲಿಗೆ ಆ ತಾಯಿಯ ಅಂತ್ಯಕ್ರಿಯೆ ಒಂದೇ ಸಲ ನಡೆಯುತ್ತದೆ. ನಾವು ಸ್ಥಿರವಾಗಿ ನುಡಿಸಲು ಕಲಿಯಬೇಕಾದುದು ಶತಮಾನೋತ್ಸವದ ಗಣ್ಯ ಅತಿಥಿಗಳ ಮೆಚ್ಚುಗೆಗಾಗಿ ಅಲ್ಲ, ಇಂಥ ದಿನಗಳಿಗಾಗಿ.

ಇನ್ನು ಅಭ್ಯಾಸದ ಕ್ರಮಕ್ಕೆ ಬರೋಣ. ಗೋಕಾಕದ ಕರದಂಟನ್ನು ಮಾಡುವವರನ್ನು ಕೇಳಿ ನೋಡಿ. ಅಂಟು, ಒಣಕೊಬ್ಬರಿ, ಗೋಡಂಬಿ, ಬೆಲ್ಲ ಎಲ್ಲರಿಗೂ ಸಿಗುತ್ತವೆ. ಗುಟ್ಟಿರುವುದು ಬೆಲ್ಲದ ಪಾಕದ ಹದದಲ್ಲಿ. ಹದ ಒಮ್ಮೆ ಒಲಿಯುವುದು ಬೇರೆ, ಪ್ರತಿ ಕಡಾಯಿಗೂ ಒಲಿಯುವುದು ಬೇರೆ. ಅಂಗಡಿ ನಡೆಯುವುದು ಎರಡನೆಯದರಿಂದ. ನಮ್ಮ ಸೀಮೆಯ ಎಷ್ಟೋ ಮನೆತನಗಳಿಗೆ ಅನ್ನ ಕೊಟ್ಟ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿದವರಿಗೂ ಇದು ಗೊತ್ತು. 1880ರ ದಶಕದಲ್ಲಿ, ಸುಮಾರು 170 ಅಡಿ ಎತ್ತರದಿಂದ ಧುಮುಕುವ ಘಟಪ್ರಭೆಯ ಬಲವನ್ನು ನೆಚ್ಚಿ ಆರಂಭವಾದ ಆ ಗಿರಣಿಯ ನೂಲಿನ ಬೆಲೆ ನಿಂತಿದ್ದುದು ಅದರ ಸಮತೆಯ ಮೇಲೆ. ನೂರು ಗಜ ನೂಲು ಗಟ್ಟಿಯಾಗಿದ್ದು ಒಂದು ಅಂಗುಲ ತೆಳುವಾಗಿದ್ದರೆ, ಮಗ್ಗದ ಮೇಲೆ ಅದು ಹರಿಯುವುದು ಆ ಒಂದು ಅಂಗುಲದಲ್ಲಿಯೇ. ಹಾಡೂ ಹಾಗೆಯೇ. ಆದುದರಿಂದ ಅಭ್ಯಾಸವೆಂದರೆ ಗಟ್ಟಿಯಾಗಿರುವ ನೂರು ಗಜವನ್ನು ಮತ್ತೆ ಮತ್ತೆ ನುಡಿಸಿ ಸಂತೋಷಪಡುವುದಲ್ಲ. ತೆಳುವಾದ ಆ ಅಂಗುಲವನ್ನು ಹುಡುಕಿ ಗಟ್ಟಿ ಮಾಡುವುದು.

ಮೊದಲನೆಯದಾಗಿ, ಬೆರಳಿನ ಸ್ಥಾನವನ್ನು ನಿರ್ಧರಿಸಿ ಬರೆದಿಡಿ. ಡಿ ಶ್ರುತಿಯ ಒಂದು ಹಾಡನ್ನು ತೆಗೆದುಕೊಳ್ಳಿ. ಅದರ ಮಂದ್ರಪಂಕ್ತಿ ಡಿ, ಸಿ ಶಾರ್ಪ್, ಬಿ, ಜಿ ಎಂದು ಇಳಿಯುತ್ತದೆ ಎನ್ನೋಣ. ಅದೇ ಡಿ ಸ್ವರವು ಡಿ ತಂತಿಯನ್ನು ಒತ್ತದೆ ಮೀಟಿದರೂ ಬರುತ್ತದೆ, ಎ ತಂತಿಯ ಐದನೆಯ ಪಟ್ಟಿಯಲ್ಲಿಯೂ ಬರುತ್ತದೆ, ಇ ತಂತಿಯ ಹತ್ತನೆಯ ಪಟ್ಟಿಯಲ್ಲಿಯೂ ಬರುತ್ತದೆ. ಒಂದು ದಿನ ಇಲ್ಲಿ, ಮರುದಿನ ಅಲ್ಲಿ ಒತ್ತಿದರೆ ಕೈ ಏನನ್ನೂ ಕಲಿಯುವುದಿಲ್ಲ. ಪ್ರತಿಸಲವೂ ಕವಲುದಾರಿಯಲ್ಲಿ ನಿಂತು ಯೋಚಿಸುತ್ತದೆ. ಎ ತಂತಿಯ ಐದನೆಯ ಪಟ್ಟಿಯಿಂದ ನಾಲ್ಕನೆಯದಕ್ಕೆ, ಅಲ್ಲಿಂದ ಎರಡನೆಯದಕ್ಕೆ, ಬಳಿಕ ಇ ತಂತಿಯ ಮೂರನೆಯದಕ್ಕೆ ಎಂದು ಒಮ್ಮೆ ಗೊತ್ತುಮಾಡಿ, ಯಾವ ಬೆರಳೆಂಬುದನ್ನೂ ಹಾಡಿನ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಅದನ್ನು ಬದಲಿಸಬೇಡಿ. ಬಲಗೈಯಲ್ಲಿಯೂ ತೋರುಬೆರಳು, ನಡುಬೆರಳು ಒಂದಾದ ಮೇಲೊಂದರಂತೆ ಮೀಟಬೇಕು. ಪಂಕ್ತಿಯನ್ನು ಯಾವ ಬೆರಳಿನಿಂದ ಆರಂಭಿಸುತ್ತೀರಿ ಎಂಬುದೂ ಪ್ರತಿಸಲ ಒಂದೇ ಆಗಿರಬೇಕು.

ಎರಡನೆಯದಾಗಿ, ನುಡಿಸುವ ಮುನ್ನ ಹಾಡಿ. ವಾದ್ಯವನ್ನು ಕೆಳಗಿಟ್ಟು, ಮಂದ್ರಪಂಕ್ತಿಯನ್ನು ಬಾಯಿಂದ ಹಾಡಿ ನೋಡಿ. ಬಾಯಿಗೆ ಬಾರದ ಪಂಕ್ತಿ ಬೆರಳಿಗೆ ಬಂದರೂ ನಿಲ್ಲುವುದಿಲ್ಲ. ನಮ್ಮ ಗುರುಮಠದ ದಿನಗಳಲ್ಲಿ ನಾಲ್ಕು ಕಂಠಗಳ ಹಾಡುಗಳನ್ನು ಕಲಿಸುವಾಗ ಮಂದ್ರಕಂಠದವರಿಗೆ ಮೊದಲು ಅವರ ಪಂಕ್ತಿಯನ್ನು ಮಾತ್ರ ಹಾಡಿಸಿ, ಆಮೇಲೆಯೇ ಉಳಿದ ಮೂರು ಕಂಠಗಳೊಡನೆ ಕೂಡಿಸುತ್ತಿದ್ದರು. ಅದೇ ಕ್ರಮ ಇಲ್ಲಿಯೂ ಒಳ್ಳೆಯದು.

ಮೂರನೆಯದಾಗಿ, ನಿಧಾನವಾಗಿ ಆರಂಭಿಸಿ. ಲಯವನ್ನು ಎಣಿಸಿ ತೋರಿಸುವ ಮೆಟ್ರೋನೋಮ್ ಯಂತ್ರಕ್ಕೆ ಮೇಲ್ಜೆಲ್ ಎಂಬವರು 1815ರಲ್ಲಿ ಸ್ವಾಮ್ಯದ ಹಕ್ಕು ಪಡೆದರು; ಇಂದು ಅದು ನಿಮ್ಮ ಮೊಬೈಲ್ ಫೋನಿನೊಳಗೇ ಸಿಗುತ್ತದೆ. ಹಾಡಿನ ಲಯ ನಿಮಿಷಕ್ಕೆ 90 ಎಣಿಕೆಯಾಗಿದ್ದರೆ ನೀವು 50 ಅಥವಾ 60ರಿಂದ ಆರಂಭಿಸಿ. ಒಂದು ತಾಳಾವರ್ತನವನ್ನೋ ಎರಡನ್ನೋ ಮಾತ್ರ ತೆಗೆದುಕೊಂಡು ಬೆನ್ನುಬೆನ್ನಿಗೆ ಐದು ಸಲ ತಪ್ಪಿಲ್ಲದೆ ನುಡಿಸಿ. ಐದನೆಯ ಸಲ ತಪ್ಪಿದರೆ ನಾಲ್ಕು ಸರಿಯಾಯಿತೆಂದು ಲೆಕ್ಕ ಹಿಡಿಯಬೇಡಿ. ಮತ್ತೆ ಒಂದರಿಂದ ಎಣಿಸಿ. ಐದೂ ಸರಿಯಾದ ಮೇಲೆ ನಾಲ್ಕೈದು ಎಣಿಕೆಯಷ್ಟು ವೇಗ ಹೆಚ್ಚಿಸಿ. ವೇಗವಾಗಿ ತಪ್ಪು ನುಡಿಸುವವನು ತಪ್ಪನ್ನೇ ಅಭ್ಯಾಸ ಮಾಡುತ್ತಾನೆ ಎಂಬುದು ನೆನಪಿರಲಿ. ಕೈಗೆ ಸರಿ ಯಾವುದು ತಪ್ಪು ಯಾವುದು ಎಂಬ ವಿವೇಕವಿಲ್ಲ, ಅದು ಹೆಚ್ಚು ಸಲ ಮಾಡಿದುದನ್ನೇ ಕಲಿಯುತ್ತದೆ.

ನಾಲ್ಕನೆಯದಾಗಿ, ಬೆಸುಗೆಗಳನ್ನು ಅಭ್ಯಾಸ ಮಾಡಿ. ಚರಣ ಬರುತ್ತದೆ, ಪಲ್ಲವಿ ಬರುತ್ತದೆ. ಚರಣದಿಂದ ಪಲ್ಲವಿಗೆ ಹೊರಳುವ ಎರಡು ಸ್ವರಗಳಲ್ಲಿ ಎಡವುತ್ತೇವೆ. ಅರಭಾವಿಯ ತೋಟಗಾರಿಕೆ ಮಹಾವಿದ್ಯಾಲಯದ ಕಡೆ ಹೋದವರು ಕಸಿಗಿಡಗಳನ್ನು ನೋಡಿರಬೇಕು. ಬೇರಿನ ಗಿಡವೂ ಚೆನ್ನಾಗಿದ್ದು ಕಸಿಕೊಂಬೆಯೂ ಚೆನ್ನಾಗಿದ್ದು ಕಟ್ಟಿದ ಜಾಗ ಸಡಿಲವಾದರೆ ಗಿಡ ಒಣಗುತ್ತದೆ. ಆದುದರಿಂದ ಚರಣದ ಕೊನೆಯ ಆವರ್ತನವನ್ನೂ ಪಲ್ಲವಿಯ ಮೊದಲ ಆವರ್ತನವನ್ನೂ ಕೂಡಿಸಿ ಒಂದು ಪ್ರತ್ಯೇಕ ಪಾಠವನ್ನಾಗಿ ಮಾಡಿಕೊಳ್ಳಿ. ಹಾಡನ್ನು ಯಾವಾಗಲೂ ಮೊದಲಿನಿಂದಲೇ ಆರಂಭಿಸುವ ಅಭ್ಯಾಸವನ್ನೂ ಬಿಡಿ. ಮೂರನೆಯ ಸಾಲಿನಿಂದ, ಕೊನೆಯ ಸಾಲಿನಿಂದ ಹೊರಡಲು ಕಲಿಯಿರಿ. ದಾರಿ ತಪ್ಪಿದಾಗ ಮತ್ತೆ ಒಳಸೇರಲು ಬಾಗಿಲುಗಳು ಅನೇಕವಿರಬೇಕು.

ಐದನೆಯದಾಗಿ, ಸ್ವರವನ್ನು ನಿಲ್ಲಿಸಲು ಕಲಿಯಿರಿ. ಮೀಟುವುದು ಅರ್ಧ ವಿದ್ಯೆ. ತಂತಿಯನ್ನು ಅಡಗಿಸುವುದು ಉಳಿದರ್ಧ. ಆ ಕೆಳಗಿನ ಇ ಸ್ವರದ ಒಂದು ಅಲೆಯ ಉದ್ದವೇ 8 ಮೀಟರಿಗಿಂತ ಹೆಚ್ಚು. ಎತ್ತರದ ಛಾವಣಿಯ, ಬರಿಗೋಡೆಗಳ ದೇವಾಲಯದಲ್ಲಿ ಅಂಥ ನಾದ ಬೇಗ ಅಡಗುವುದಿಲ್ಲ. ಧ್ವನಿಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟರೆ ಇನ್ನೂ ಹೆಚ್ಚಾಗಿ ಗುಂಯ್ಗುಡುತ್ತದೆ. ಹಿಂದಿನ ಸ್ವರ ಅಡಗದೆ ಮುಂದಿನದು ಹುಟ್ಟಿದರೆ ಪದಗಳೇ ಕೇಳದಾಗುತ್ತವೆ. ದೇವಾಲಯದಲ್ಲಿ ಮೊದಲ ಸ್ಥಾನ ವಾಕ್ಯಕ್ಕೆ. ಪೆಟ್ಟಿಗೆಯನ್ನು ಮೂಲೆಯಿಂದ ಈಚೆ ಸರಿಸಿ, ಸದ್ದನ್ನು ತಗ್ಗಿಸಿ, ಸ್ವರಗಳನ್ನು ಚಿಕ್ಕದಾಗಿ ಕತ್ತರಿಸಿ ನುಡಿಸಿರಿ.

ಆರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮನೆಯಲ್ಲಿ ಇಪ್ಪತ್ತನೆಯ ಸಲ ಸರಿಯಾಗಿ ಬಂದುದನ್ನು 'ಕಲಿತೆ' ಎಂದುಕೊಳ್ಳುವುದು ನಮ್ಮ ಮಕ್ಕಳ ದೊಡ್ಡ ಭ್ರಮೆ. ಭಾನುವಾರ ದೇವಾಲಯದಲ್ಲಿ ಇಪ್ಪತ್ತನೆಯ ಸಲವೆಂಬುದು ಇಲ್ಲ. ಅಲ್ಲಿರುವುದು ಮೊದಲನೆಯ ಸಲ ಮಾತ್ರ. ಆದುದರಿಂದ ಪ್ರತಿದಿನ ವಾದ್ಯವನ್ನು ಕೈಗೆತ್ತಿಕೊಂಡ ಕೂಡಲೇ, ಬೆರಳು ಬಿಸಿಯಾಗುವ ಮುನ್ನವೇ, ಹಾಡನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ನುಡಿಸಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಆ ದಿನದ ನಿಜವಾದ ಅಂಕ ಅದು. ಬಳಿಕ ಅಭ್ಯಾಸ ಮಾಡಿ. ಹೀಗೆ ಒಂದು ವಾರ ಮೊದಲ ಸಲವೇ ತಪ್ಪಿಲ್ಲದೆ ಬಂದರೆ ಆ ಹಾಡು ನಿಮ್ಮದಾಯಿತು. ಕುಳಿತು ಕಲಿತದ್ದನ್ನು ನಿಂತು ನುಡಿಸಿ ನೋಡಿ. ಪಕ್ಕದಲ್ಲಿ ತಂಗಿಯೊಬ್ಬಳು ಮಾತನಾಡುತ್ತಿರುವಾಗ ನುಡಿಸಿ ನೋಡಿ. ಒಂದು ಸ್ವರ ತಪ್ಪಿದರೂ ಹಿಂದೆ ಹೋಗಿ ತಿದ್ದದೆ ಮುಂದಿನ ಎಣಿಕೆಗೆ ಸೇರಿಕೊಳ್ಳುವುದನ್ನೂ ಅಭ್ಯಾಸ ಮಾಡಿ. ತಪ್ಪಿದ ಸ್ವರ ಒಂದು ಕ್ಷಣದ ಮಾತು. ನಿಂತುಹೋದ ಲಯ ಇಡೀ ಹಾಡಿನ ಮಾತು.

ಶನಿವಾರ ರಾತ್ರಿ ಮೂರು ಗಂಟೆ ಕುಳಿತು ಕೈನೋಯಿಸಿಕೊಳ್ಳುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಕೈ ಕಲಿತ ಪಾಠವನ್ನು ಮಿದುಳು ನಿದ್ರೆಯಲ್ಲಿ ಭದ್ರಪಡಿಸಿಕೊಳ್ಳುತ್ತದೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಆರು ದಿನದ ಅಭ್ಯಾಸಕ್ಕೆ ನಡುವೆ ಐದು ರಾತ್ರಿಗಳ ನಿದ್ರೆಯೂ ಸೇರುತ್ತದೆ. ಒಂದೇ ರಾತ್ರಿಯ ಹೋರಾಟಕ್ಕೆ ಆ ಭಾಗ್ಯವಿಲ್ಲ. ಹೊಲದವರೇ ಹೆಚ್ಚಾಗಿರುವ ಈ ಸೀಮೆಯಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಕಾಲುವೆಯ ನೀರನ್ನು ಪಾಳಿಯ ಪ್ರಕಾರ ಹಾಯಿಸಿದರೆ ಪೈರು ಬರುತ್ತದೆ. ಎಲ್ಲ ಪಾಳಿಯ ನೀರನ್ನು ಒಂದೇ ರಾತ್ರಿ ಹಾಯಿಸಿದರೆ ಪೈರು ಕೊಳೆಯುತ್ತದೆ.

ತಂದೆತಾಯಂದಿರಿಗೆ ಎರಡು ಮಾತು. ಒಂದೇ ಎರಡು ಆವರ್ತನಗಳನ್ನು ಮಗನು ಮೂವತ್ತು ಸಲ ನುಡಿಸುವಾಗ "ಏನೋ ಇದು, ಒಂದು ಪೂರ್ತಿ ಹಾಡನ್ನಾದರೂ ನುಡಿಸಬಾರದೇ?" ಎಂದು ಗದರಬೇಡಿ. ಕೇಳಲು ಬೇಸರವಾಗುವ ಆ ಮೂವತ್ತು ಸಲಗಳೇ ನಿಜವಾದ ಅಭ್ಯಾಸ. ಬೇಸ್ ವಾದ್ಯವನ್ನು ಹೆಣ್ಣುಮಕ್ಕಳು ಕೇಳಿದರೆ ಅದು ಗಂಡುಮಕ್ಕಳ ವಾದ್ಯವೆಂದು ತಡೆಯಬೇಡಿ. ಅರಭಾವಿ, ಘಟಪ್ರಭಾ, ಮೂಡಲಗಿ, ಹುಕ್ಕೇರಿಯ ಕಡೆಯಿಂದ ಬಸ್ಸು ಹಿಡಿದು ಬರುವ ಮಕ್ಕಳಿಗೆ ಸಂಜೆಯ ಕೊನೆಯ ಬಸ್ಸು ತಪ್ಪದಂತೆ ಅಭ್ಯಾಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದು ಗಾನವೃಂದದ ಹಿರಿಯರ ಹೊಣೆ. ಹಾಡುಗಳ ಪಟ್ಟಿಯನ್ನು ಶನಿವಾರ ರಾತ್ರಿ ಬದಲಿಸುವ ಪದ್ಧತಿಯೂ ನಿಲ್ಲಬೇಕು. ಇನ್ನು ಮುಂದೆ ಪಟ್ಟಿಯನ್ನು ಎರಡು ವಾರ ಮೊದಲೇ ಕೊಡಲಾಗುವುದು. ಅಂತ್ಯಕ್ರಿಯೆಗೆಂದು ನಾಲ್ಕು ಹಾಡುಗಳನ್ನು ಗೊತ್ತುಮಾಡಿ, ಅವು ವರ್ಷವಿಡೀ ಸಿದ್ಧವಾಗಿರುವಂತೆ ನೋಡಿಕೊಳ್ಳೋಣ.

ಕೊನೆಯದಾಗಿ, ಈ ಸೇವೆಯ ಅಂತರಂಗ. ಬೇಸ್ ವಾದಕನನ್ನು ಪೂಜೆಯ ಬಳಿಕ ಯಾರೂ ಹೊಗಳುವುದಿಲ್ಲ. ಹಾಡಿದವಳ ಕಂಠವನ್ನು ಹೊಗಳುತ್ತಾರೆ, ಪಿಟೀಲನ್ನು ಹೊಗಳುತ್ತಾರೆ. ಮಂದ್ರಸ್ವರವು ಸರಿಯಾಗಿದ್ದರೆ ಅದು ಇತ್ತೆಂಬುದೇ ಜನರಿಗೆ ತಿಳಿಯುವುದಿಲ್ಲ. ಇದರಿಂದ ಮನಸ್ಸು ಕುಗ್ಗಿದ ದಿನ ಸಂತ ಜೋಸೆಫರನ್ನು ನೆನೆಯಿರಿ. ನಾಲ್ಕು ಶುಭಸಂದೇಶಗಳನ್ನೂ ಹುಡುಕಿ ನೋಡಿ, ಅವರು ಆಡಿದ ಒಂದೇ ಒಂದು ಮಾತೂ ಅಲ್ಲಿ ದಾಖಲಾಗಿಲ್ಲ. ದೇವದೂತನು ಹೇಳಿದಾಗ ಎದ್ದರು. ತಾಯಿಯನ್ನೂ ಮಗುವನ್ನೂ ಕರೆದುಕೊಂಡು ನಡೆದರು. ನಜರೇತಿನಲ್ಲಿ ದಿನದಿನವೂ ಬಡಗಿಯ ಕೆಲಸ ಮಾಡಿದರು. ತಿರುಕುಟುಂಬದ ಗಾನದಲ್ಲಿ ಮಂದ್ರಸ್ವರ ಅವರೇ. ಆ ಮೌನಿಯನ್ನೇ ಧರ್ಮಸಭೆಯು 1870ರಲ್ಲಿ ತನ್ನ ವಿಶ್ವವ್ಯಾಪಿ ಪಾಲಕರನ್ನಾಗಿ ಸಾರಿತು. ಅಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತನೆಂಬ ಪ್ರಭುವಿನ ಬೋಧನೆಯನ್ನು ನಾಲ್ಕು ತಂತಿಗಳ ಮೇಲೆ ಬಾಳಿ ತೋರಿಸುವ ಅವಕಾಶ ನಿಮ್ಮದು.

ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಬುನಾದಿಯ ಕಲ್ಲುಗಳನ್ನಿಟ್ಟವರ ಹೆಸರುಗಳೆಲ್ಲ ನಮಗೆ ಉಳಿದಿಲ್ಲ. ಆ ಕಲ್ಲುಗಳು ಇಂದಿಗೂ ಅಲ್ಲಾಡಿಲ್ಲ. ಅವರ ನೆನಪಿಗೆ ಅಷ್ಟು ಸಾಕು. ಹಣ ಕೊಟ್ಟು ಕರೆಸಿದ ವಾದ್ಯಗೋಷ್ಠಿ ಸಂಜೆಗೆ ಮರಳಿ ಹೋಗುತ್ತದೆ. ಇಲ್ಲಿ ಕಲಿತ ಕೈಗಳು ಇಲ್ಲಿಯೇ ಉಳಿದು, ಇನ್ನಷ್ಟು ಕೈಗಳಿಗೆ ಕಲಿಸುತ್ತವೆ. ಬರುವ ಸೋಮವಾರದಿಂದ ಪ್ರತಿ ಸಂಜೆ ಆರು ಗಂಟೆಗೆ ದೇವಾಲಯದ ಪಕ್ಕದ ಕೊಠಡಿಯನ್ನು ತೆರೆದಿಡುತ್ತೇವೆ. ವಾದ್ಯ ಇಲ್ಲದವರಿಗೆ ಧರ್ಮಕೇಂದ್ರದ ವಾದ್ಯವನ್ನು ಕೊಡಲಾಗುವುದು. ಮೊದಲು ಒಂದು ಹಾಡು, ಅದರಲ್ಲಿ ಎರಡು ಆವರ್ತನ, ನಿಮಿಷಕ್ಕೆ ಅರವತ್ತು ಎಣಿಕೆ. ಅಲ್ಲಿಂದ ಆರಂಭಿಸೋಣ.

ಸಂತ ಸಿಸಿಲಿಯಾಳ ಹಾಗೂ ಸಂತ ಜೋಸೆಫರ ವಿಜ್ಞಾಪನೆಯಿಂದ ಸರ್ವಶಕ್ತ ದೇವರು ನಿಮ್ಮ ಬೆರಳುಗಳನ್ನೂ ನಿಮ್ಮ ಮನೆಗಳನ್ನೂ ಆಶೀರ್ವದಿಸಲಿ. ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ. ಆಮೆನ್.